ಓಗೊಡದ ಮಧ್ಯಾಹ್ನ

ಹಗ್ಗದ ಮೇಲಿನ ಬಿಳಿ ಟವಲಿನ ತುದಿಯಿಂದ ಒಂದು ಹನಿ, ಆಮೇಲೆ ಇನ್ನೊಂದು, ಬಿದ್ದ ಜಾಗ ಕಪ್ಪಾಗಿ ನೋಡನೋಡುತ್ತಲೇ ಮತ್ತೆ ಬೆಳ್ಳಗಾಗುತ್ತದೆ, ಮೇ ತಿಂಗಳ ಬಿಸಿಲು, ಒಂದು ಹನಿಯನ್ನೂ ಬಿಡುವುದಿಲ್ಲ, ಟವಲು ಮಾತ್ರ ಅಬ್ಬಾ ಎಷ್ಟು ದಪ್ಪ, ಬೂಕನಕೆರೆಯಲ್ಲಿ ಇಂಥದ್ದು ಸಿಕ್ಕಿದ್ದರೆ ನಮ್ಮೆಜಮಾನರು ಚಳಿಗಾಲಕ್ಕೆ ಎಳೆಗರುವಿನ ಮೈಮೇಲೆ ಹೊದಿಸುತ್ತಿದ್ದರು, ಇಲ್ಲಿ ಮೈಗೆ ಒಂದು, ಮುಖಕ್ಕೆ ಒಂದು, ಕಾಲಿಗೆ ಒಂದು, ಯಾವುದು ಯಾವುದಕ್ಕೆಂದು ತಿಳಿಯದೆ ನಾನು ಬೆಳಿಗ್ಗೆ ಸೆರಗಿನಲ್ಲೇ ಮುಖ ಒರೆಸಿಕೊಂಡೆ — ಸದ್ದಿಲ್ಲ. ಒಳಗೆ ಫ್ಯಾನಿನ ಸದ್ದು ಬಿಟ್ಟರೆ ಸದ್ದಿಲ್ಲ. ಮಲಗಿರಬೇಕು. ಮಲಗಲಿ. ಊಟವಾದ ಮೇಲೆ ಅಳಿಯನ ಹೊಸ ಹೆಂಡತಿ ಶ್ವೇತ ಮೊಮ್ಮಗಳ ಕೈ ಹಿಡಿದು ಗುಡಾರದ ಒಳಗೆ ಕರೆದುಕೊಂಡು ಹೋದಳು, ಸಹನ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು, ಅವ್ವಾ ನೀನು, ಅಂದಳು, ನಾನು ಇಲ್ಲೇ ಗಾಳಿಗೆ ಕುಂತಿರ್ತೀನಿ ಕಂದ, ನೀನು ಮನಿಕೋ ಓಗು ಅಂದೆ, ಬಟ್ಟೆ ಬಾಗಿಲಿನ ಜಿಪ್ಪು ಜರ್ರನೆ ಕೆಳಗೆ ಬಂತು. ನನ್ನ ಮೊಮ್ಮಗಳು ನನ್ನ ಪಕ್ಕೆ ಬಿಟ್ಟು ಬೇರೆಯವರ ಪಕ್ಕೆಯಲ್ಲಿ ಕಣ್ಣು ಮುಚ್ಚಿದ್ದು, ಅವಳ ತಾಯಿ ಹೋದಮೇಲೆ, ಇದೇ ಮೊದಲು. ಬೇರೆಯವರು ಅನ್ನಬಾರದು. ಇವತ್ತು ಸಂಜೆಯಿಂದ ಶ್ವೇತಳೇ ತಾಯಿ, ಬೇರೆಯವಳು ನಾನು. ಸಂಜೆ ಕಾರು ಮೈಸೂರಿಗೆ ಹೊರಡುತ್ತದೆ, ಅಲ್ಲಿ ಶ್ವೇತಳ ತವರಿನಲ್ಲಿ ಎರಡು ದಿನ, ಆಮೇಲೆ ಹೊಸಪೇಟೆ, ಅಳಿಯ ಲೋಕೇಶನಿಗೆ ವರ್ಗವಾಗಿರುವ ಊರು, ಜೂನಿಗೆ ಸ್ಕೂಲು ಶುರು, ಮಗು ಅಳದೆ ಆ ಕಾರು ಹತ್ತಬೇಕು, ನಾನು ಬಂದಿರುವುದು ಅದಕ್ಕೆ, ಈ ದಪ್ಪ ಟವಲಿಗಲ್ಲ.

ಅಳದೆ. ಲೋಕೇಶನೂ ಫೋನಿನಲ್ಲಿ ಅದನ್ನೇ ಅಂದ, ಡೈರಿ ಪಕ್ಕದ ಎಸ್‌ಟಿಡಿ ಅಂಗಡಿಯವನು ಓಡಿಬಂದು ಚಿಕ್ಕಬೋರಮ್ಮನವ್ರೇ ಫೋನು ಎಂದು ಕರೆದ, ಹಾಲಿನ ಕೈಯಲ್ಲೇ ಹೋಗಿ ಹಿಡಿದುಕೊಂಡೆ, ಅತ್ತೆ, ಶ್ರೀರಂಗಪಟ್ಟಣದ ಹತ್ರ ಹೊಳೆ ದಂಡೇಲಿ ಟೆಂಟ್ ಕ್ಯಾಂಪು ಅಂತ ಶುರು ಮಾಡಿದಾರೆ, ಟೆಂಟು ಅಂದ್ರೆ ಕಷ್ಟ ಏನಿಲ್ಲ, ಮಂಚ ಇದೆ, ಬಿಸಿನೀರು ಇದೆ, ಕರೆಂಟಿದೆ, ಮಕ್ಕಳಿಗೆ ಜೋಕಾಲಿ, ತೆಪ್ಪ ಎಲ್ಲ ಇದೆ, ನೀವೂ ಬನ್ನಿ, ಒಂದಿನ ಒಟ್ಟಿಗೆ ಇದ್ರೆ ಸಹನ ಶ್ವೇತಂಗೆ ಹೊಂದ್ಕೋತಾಳೆ, ಊರಿಂದ ಎಳ್ಕೊಂಡು ಬಂದ್ರೆ ಅಳ್ತಾಳೆ ಅತ್ತೆ, ಅವಳು ಅತ್ರೆ ನನ್ ಕೈಲಿ ತಡೆಯಕ್ಕಾಗಲ್ಲ. ಒಳ್ಳೆಯ ಹುಡುಗ. ಬ್ಯಾಂಕಿನ ಕೆಲಸ, ಮಾತು ಕಡಿಮೆ, ನನ್ನ ಮಗಳಿಗೆ ಒಂದು ದಿನವೂ ಗದರಿದವನಲ್ಲ, ಹೆತ್ತವರಿಬ್ಬರೂ ಇಲ್ಲದವನು, ಹೆಂಡತಿ ಹೋದಾಗ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ ಹಟ್ಟಿಯ ಗೋಡೆಗೆ ಹಣೆ ಕೊಟ್ಟು ನಿಂತವನು, ಅವನಿಗೆ ಇನ್ನೊಂದು ಮದುವೆ ಮಾಡಿಕೊ ಎಂದು ಮೊದಲು ಹೇಳಿದವಳೂ ನಾನೇ. ಮನೆಗೆ ಬಂದು ಟೆಂಟಿನ ವಿಷಯ ಹೇಳಿದರೆ ನಮ್ಮೆಜಮಾನರು ಚೌಡಯ್ಯನವರು ಹುಲ್ಲು ಹಾಕುತ್ತಿದ್ದವರು ತಿರುಗಿ, ಗುಡಾರದಾಗೆ ಮನಗಕ್ಕೆ ಕಾರು ಮಾಡ್ಕೊಂಡು ಓಗ್ಬೇಕೇನಮ್ಮಿ, ಹೇಮಗಿರಿ ದನದ ಜಾತ್ರೇಲಿ ಟಾರ್ಪಾಲ್ ಕೆಳಗೆ ಮನಗಿ ಸೊಂಟ ಇಡ್ಕೊಂಡು ನನ್ನ ಬೈದಿದ್ದು ಮರ್ತೋಯ್ತಾ, ಅಂದರು. ನಕ್ಕೆ. ಹೊಳೆಯ ಇಬ್ಬನಿ, ಎತ್ತಿನ ಗಂಜಲದ ವಾಸನೆ, ಬೆಳಗಿನ ಜಾವ ಕಲ್ಲಿನ ಒಲೆ ಹೊತ್ತಿಸಲು ಊದಿ ಊದಿ ಕಣ್ಣು ಕೆಂಪು, ಆಗ ಸುಧಾಮಣಿ ಹಾಲು ಕುಡಿಯುವ ಕೂಸು, ಗಾಡಿಯ ಮೂಕಿಗೆ ಸೀರೆ ಕಟ್ಟಿ ತೂಗಿದ್ದೆ. ನೀವೂ ಬನ್ನಿ ಅಂದೆ. ಬರಲಿಲ್ಲ. ಹಸು ಈಯೋ ಅಂಗದೆ ಅಂದರು, ಈಯಲು ಇನ್ನೂ ತಿಂಗಳಿದೆ. ನಿನ್ನೆ ಕಾರು ಬಂದಾಗ ಕೊಟ್ಟಿಗೆಯಿಂದ ಹೊರಗೇ ಬರಲಿಲ್ಲ, ಸಹನ ತಾತಾ ತಾತಾ ಎಂದು ಕೊಟ್ಟಿಗೆಯ ಬಾಗಿಲಿಗೆ ಓಡಿದಳು, ಸಗಣಿ ತುಳೀತೀಯ ಓಗು ಮಗ, ಎಂದು ಒಳಗಿನಿಂದಲೇ ಗದರಿದರು, ಗಂಡಸಿನ ಗಂಟಲು ಹಾಗೆ ಒಡೆದದ್ದನ್ನು ನಾನು ಮಗಳು ಹೋದಾಗ ಒಂದೇ ಸಲ ಕೇಳಿದ್ದೆ, ಇದು ಎರಡನೆಯದು.

ಇಲ್ಲಿಯ ಗುಡಾರಕ್ಕೆ ಕೆಳಗೆ ಸಿಮೆಂಟು, ಅದರ ಮೇಲೆ ಜಮಖಾನ, ಅದರ ಮೇಲೆ ಮಂಚ, ಮಂಚದ ಮೇಲಿನ ಹಾಸಿಗೆ ಕುಳಿತರೆ ಒಳಗೆ ಹೂತು ಹೋಗುತ್ತೇನೆ, ರಾತ್ರಿ ನಾನು ಮತ್ತು ಸಹನ ಪಕ್ಕದ ಗುಡಾರದಲ್ಲಿ ಮಲಗಿದ್ದೆವು, ಬೆನ್ನಿಗೆ ನೆಲ ಸಿಗದೆ ನಾನು ಜಮಖಾನಕ್ಕೆ ಇಳಿದೆ, ಅವಳೂ ಬಂದು ನನ್ನ ತೋಳಿನ ಮೇಲೆ ತಲೆಯಿಟ್ಟಳು, ಅವ್ವಾ ಈ ಮನೆ ಬಟ್ಟೇದಾ, ಹೂಂ, ಮಳೆ ಬಂದ್ರೆ ನೆನೀತದಾ, ಇಲ್ಲಂತೆ, ಅವ್ವಾ ನಾಳಿಕೂ ಇಲ್ಲೇ ಇರುವಾ, ಮನೀಕೋ. ಪೇಟೆಯ ಜನ ಬಯಲಿಗೆ ಬರುತ್ತಾರೆ, ಬಯಲು ಮೈಗೆ ತಾಕಬಾರದು. ಮಧ್ಯಾಹ್ನದ ಊಟಕ್ಕೆ ರಾಗಿಮುದ್ದೆಯನ್ನು ವಿಶೇಷ ಎಂದು ಬಡಿಸಿದರು, ನಿಂಬೆಹಣ್ಣಿನ ಗಾತ್ರ, ಬೆಂಗಳೂರಿನ ಒಬ್ಬ ಅಮ್ಮಣ್ಣಿ ಅದನ್ನು ಚಮಚದಲ್ಲಿ ಕತ್ತರಿಸಿ ಮಗನ ಬಾಯಿಗಿಟ್ಟರೆ ಅವನು ಚ್ಯೂಯಿಂಗ್ ಗಮ್ಮಿನಂತೆ ಅಗಿಯುತ್ತಾ ಕೂತ, ನುಂಗಬೇಕು ಕಣಪ್ಪ, ಅಗೀಬಾರ್ದು, ಎಂದು ಸಹನ ಅವನಿಗೆ ಹೇಳಿಕೊಟ್ಟಳು, ಎಲ್ಲರೂ ನಕ್ಕರು, ಶ್ವೇತಳೂ ನಕ್ಕಳು, ನಕ್ಕು ಹೆಮ್ಮೆಯಿಂದ ಅತ್ತ ಇತ್ತ ನೋಡಿದಳು, ಆ ನೋಟ ನೋಡಿದೆ ನಾನು, ತನ್ನ ಮಗು ಜಾಣೆ ಎಂದು ನಾಲ್ಕು ಜನರತ್ತ ನೋಡುವ ತಾಯಿಯ ನೋಟ ಅದು, ಅಲ್ಲಿಗೆ ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು, ಆ ಅರ್ಧ ಇಳಿದ ಕಡೆ ಏನೋ ಕಿತ್ತು ಬಂದ ಹಾಗೂ ಆಯಿತು.

ಏನವ್ವ ಇಂಗೆ ಬಿಸ್ಲಲ್ಲಿ ಕುಂತ್ಬುಟ್ಟೆ, ಒಳೀಕೋಗಿ ಫ್ಯಾನ್ ಕೆಳಗೆ ಒರಗಬಾರ್ದಾ, ಎನ್ನುತ್ತಾ ಬಂದವನು ಕರಿಯಪ್ಪ, ಇಲ್ಲಿ ನೀರು ನಿಡಿ ನೋಡುವವನು, ಪಾಂಡವಪುರದ ಕಡೆಯವನು, ಮೊದಲು ಮದುವೆ ಮನೆಗಳಿಗೆ ಶಾಮಿಯಾನ ಕಟ್ಟುತ್ತಿದ್ದನಂತೆ. ನೆರಳಲ್ಲೇ ಇವ್ನಿ ಕಣಪ್ಪ ಅಂದೆ. ಒಣಗಿದ ಟವಲನ್ನು ಮಡಿಸಿಕೊಳ್ಳುತ್ತಾ, ಶಾಮಿಯಾನ ಕಟ್ಟೋನ್ಗೆ ಗುಡಾರ ಕಟ್ಟದೇನು ಕಷ್ಟ ಅಂತ ಬಂದೆ ಕಣವ್ವ, ಬಂದ್ರೆ ಓನರ್ರು ಅಂತಾರೆ, ಗುಡಾರ ಅನ್ನಂಗಿಲ್ವಂತೆ, ಟೆಂಟು ಅಂತ್ಲೂ ಅನ್ನಂಗಿಲ್ವಂತೆ, ಕಾಟೇಜು ಅನ್ನಬೇಕಂತೆ, ಅಂದ. ಬಟ್ಟೇದು ಎಂಗಪ್ಪ ಕಾಟೇಜು ಆಯ್ತದೆ ಅಂದೆ. ಅದ್ನೇ ನಾನೂ ಕೇಳ್ದೆ, ಬೈಸ್ಕೊಂಡೆ. ಈ ಜನುಕ್ಕೆ ಒಳೆ ಬೇಕು ಕೆಸ್ರು ಬ್ಯಾಡ, ಮರ ಬೇಕು ಗೊದ್ದಿರುವೆ ಬ್ಯಾಡ, ಓದ ವಾರ ಒಬ್ಬಮ್ಮ ಆಪೀಸಿಗೆ ಫೋನ್ ಮಾಡಿ ಕಪ್ಪೆ ಕೂಗ್ತಾವೆ ನಿಲ್ಸಿ ಅಂದ್ಲು, ನಾನು ದೊಣ್ಣೆ ಇಡ್ಕೊಂಡು ಒಳೆ ದಂಡೇಲಿ ನಿಂತ್ಕಂಡಿದ್ದೆ, ಏನ್ ಮಾಡ್ಲಿ, ಕಪ್ಪೆಗೆ ಏನಂತ ಏಳ್ಲಿ. ನಗು ಬಂತು, ಬಾಯಿ ಮುಚ್ಚಿಕೊಂಡೆ, ಮಗು ಎದ್ದೀತು. ನಿನ್ ಮೊಮ್ಮಗಳು ಮಾತ್ರ ಬಲೇ ಚೂಟಿ ಕಣವ್ವ, ನಿನ್ನೆ ತೆಪ್ಪದಲ್ಲಿ ಅವ್ವಾ ನೋಡು ಅವ್ವಾ ನೋಡು ಅಂತ ಕೂಗಿದ್ದೇ ಕೂಗಿದ್ದು, ನಾನು ಆ ಚೂಡಿದಾರದಮ್ಮನ್ನ ಕರೀತದೇನೋ ಅನ್ಕಂಡೆ, ನೋಡಿದ್ರೆ ನಿನ್ನ, ನಮ್ಮ ಕಡೇಲಿ ಅವ್ವ ಅಂದ್ರೆ ಎತ್ತೋಳಲ್ವಾ. ಅಂಗೇ ರೂಢಿ ಆಗ್ಬುಟ್ಟದೆ ಕಣಪ್ಪ ಅಂದೆ. ಅವನು ಟವಲುಗಳನ್ನು ಹೆಗಲಿಗೆ ಹಾಕಿಕೊಂಡು, ಬತ್ತೀನಿ ಕಣವ್ವ, ಟೀ ಕೊಡ್ತೀನಿ ತಾಳವ್ವ ಎಂದು ಹೋದ. ಅವ್ವ, ಅವ್ವ. ಹಾಲಿನವನು, ಬಸ್ಸಿನ ಕಂಡಕ್ಟರು, ದಾರಿಯಲ್ಲಿ ಹೋಗುವವನು, ಎಲ್ಲರಿಗೂ ನಾನು ಅವ್ವನೇ, ಯಾರು ಬೇಕಾದರೂ ಕೂಗಬಹುದು, ಕೂಗಬಾರದವಳು ಅವಳೊಬ್ಬಳೇ ಈಗ.

ರೂಢಿ. ಸುಧಾಮಣಿ ನನ್ನನ್ನು ಅವ್ವ ಅನ್ನುತ್ತಿದ್ದಳು, ಮಂಡ್ಯದಲ್ಲಿ ಅವಳ ಮನೆಯಲ್ಲಿ ಮಗುವಿನ ಬಾಯಿಗೆ ಮಮ್ಮಿ ಎಂದು ಕಲಿಸಿದ್ದಳು, ಮಮ್ಮಿ ಅಂದರೆ ತಾನು, ಅಜ್ಜಿ ಅಂದರೆ ನಾನು, ಆದರೆ ಕೂಸು ಹೇಳಿಕೊಟ್ಟಿದ್ದನ್ನು ಎಲ್ಲಿ ಕಲಿಯುತ್ತದೆ, ಕೇಳಿದ್ದನ್ನು ಕಲಿಯುತ್ತದೆ, ಅವ್ವಾ ಇವಳನ್ನ ಇಡ್ಕೊ, ಅವ್ವಾ ಇವಳ್ಗೆ ಕುಲಾವಿ ಆಕು, ಅವ್ವಾ ಅವ್ವಾ ಎಂದು ತಾಯಿ ಕೂಗುವುದನ್ನು ಕೇಳಿ ತಾನೂ ಅವ್ವ ಅಂದಿತು. ತಾಯಿ ಮಗಳು ಇಬ್ಬರೂ ಒಟ್ಟಿಗೆ ಕೂಗಿದರೆ ದೊಡ್ಡ ಗಂಟೆ ಸಣ್ಣ ಗಂಟೆ ಒಟ್ಟಿಗೆ ಹೊಡೆದ ಹಾಗೆ. ಆಮೇಲೆ ಕಾಮಾಲೆ, ಕಣ್ಣು ಹಳದಿ, ಉಗುರು ಹಳದಿ, ಊರಿನ ಔಷಧಿ, ಪೇಟೆಯ ಔಷಧಿ, ಆಸ್ಪತ್ರೆಯ ಮಂಚದ ಮೇಲೆ ಬಾಯಿ ಒಣಗಿ, ಅವ್ವಾ ನೀರು, ಅಂದಳು, ಕುಡಿಸಿದೆ, ಅವ್ವಾ, ಅಂದಳು, ಓ ಮಗ ಅಂದೆ, ಅದಾದ ಮೇಲೆ ಏನೂ ಅನ್ನಲಿಲ್ಲ, ನಾನು ಓ ಓ ಅನ್ನುತ್ತಲೇ ಇದ್ದೆ, ದಾದಿ ಬಂದು ನನ್ನ ಭುಜ ಹಿಡಿದಳು. ಹನ್ನೊಂದನೆಯ ದಿನದ ಕೆಲಸ ಮುಗಿಸಿ ನೆಂಟರೆಲ್ಲ ಹೋಗಿ, ಮನೆಯಲ್ಲಿ ಬರೀ ನೊಣದ ಸದ್ದು, ನಾನು ಹಿತ್ತಲಲ್ಲಿ ಪಾತ್ರೆ ಹಿಡಿದು ಸುಮ್ಮನೆ ಕೂತಿದ್ದೆ, ಒಳಗಿನಿಂದ ಅವ್ವಾ ಎಂದು ಕೂಗು, ಪಾತ್ರೆ ಕೈಬಿಟ್ಟು ಎದ್ದೆ, ಅದೇ ರಾಗ, ವ್ವಾ ಎಂದು ಕೊನೆಗೆ ಮೇಲಕ್ಕೆ ಎಳೆಯುವುದು, ಸುಧಾಮಣಿಯದೇ, ನಿದ್ದೆಯಿಂದೆದ್ದ ಮೂರು ವರ್ಷದ ಕೂಸು ಹೊಸ್ತಿಲ ಮೇಲೆ ನಿಂತು ಕಣ್ಣುಜ್ಜಿಕೊಳ್ಳುತ್ತಿತ್ತು. ಓ ಅಂದೆ. ಅವತ್ತಿನಿಂದ ಓ ಅನ್ನುತ್ತಲೇ ಇದ್ದೇನೆ. ಯಾರು ತಿದ್ದುತ್ತಾರೆ ಆ ಮಾತನ್ನು. ಚೌಡಯ್ಯನವರೂ ತಿದ್ದಲಿಲ್ಲ, ಆ ಕೂಗು ಕೇಳಿದಾಗಲೆಲ್ಲ ಅವರೂ ತಲೆಯೆತ್ತುತ್ತಿದ್ದರು.

ಇವತ್ತು ಬೆಳಿಗ್ಗೆ ಶ್ವೇತ ಮತ್ತು ನಾನು ಹೊಳೆಯ ದಂಡೆಗೆ ಹೋದೆವು, ಬೇಸಿಗೆಯ ಹೊಳೆ, ಬಂಡೆಗಳೆಲ್ಲ ಮೈ ಬಿಟ್ಟುಕೊಂಡು ನಡುವೆ ಮೂರು ಕವಲು ನೀರು, ಸಹನ ಅಪ್ಪನ ಜೊತೆ ಕಪ್ಪೆಚಿಪ್ಪು ಆಯುತ್ತಿದ್ದಳು, ಶ್ವೇತ ಕೆಸರಿಗೆ ಚಪ್ಪಲಿ ಇಡಲು ಹೆದರಿ ನನ್ನ ಮೊಣಕೈ ಹಿಡಿದಳು. ಕಚಗುಳಿಯಿಟ್ಟಂಥ ತಣ್ಣನೆಯ ಕೈ. ಅವಳ ಸರದಲ್ಲಿ ಚಿನ್ನದ ಪುಟ್ಟ ಬಿಲ್ಲೆ, ಹೋದ ಹೆಂಡತಿಯ ಹೆಸರಲ್ಲಿ ಬಂದ ಹೆಂಡತಿಯ ಕೊರಳಿಗೆ ಹಾಕುವುದು, ಸುಧಾಮಣಿಯ ಓಲೆ ಕರಗಿಸಿ ಮಾಡಿಸಿ ಮದುವೆಯಲ್ಲಿ ನಾನೇ ಹಾಕಿದ್ದು, ಮೈಸೂರಿನಲ್ಲಿ ಓದಿದ ಹುಡುಗಿ, ಇದೆಲ್ಲ ಯಾಕೆ ಎಂದು ತೆಗೆದಿಟ್ಟಿರುತ್ತಾಳೆ ಅಂದುಕೊಂಡಿದ್ದೆ, ತೆಗೆದಿಲ್ಲ, ಚೂಡಿದಾರದ ಮೇಲೂ ಇದೆ, ನಾನು ನೋಡಿದ್ದನ್ನು ನೋಡಿ ಅದನ್ನು ಬೆರಳಲ್ಲಿ ಮುಟ್ಟಿಕೊಂಡಳು. ಅಮ್ಮ, ಒಂದು ಮಾತು ಕೇಳ್ಲಾ, ಬೇಜಾರು ಮಾಡ್ಕೋಬೇಡಿ. ಕೇಳವ್ವ. ಅವಳು ನನ್ನ ಆಂಟಿ ಅಂತಾಳೆ, ಅನ್ನಲಿ, ನನಗೆ ಆತುರ ಇಲ್ಲ, ಆದ್ರೆ ಮಮ್ಮಿ ಅನ್ನೋ ಜಾಗ ಅವಳ ಮಮ್ಮೀದು, ಅವ್ವ ಅನ್ನೋ ಜಾಗ ನಿಮ್ದು, ಎರಡೂ ತುಂಬಿದೆ, ನಾನು ಎಲ್ಲಿ ಕೂತ್ಕೊಳ್ಳಿ ಅಮ್ಮ. ಬಸ್ಸಿನಲ್ಲಿ ಸೀಟು ಕೇಳುವಂತೆ ಕೇಳಿದಳು ಪಾಪ, ಕಣ್ಣಲ್ಲಿ ನೀರು, ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಹೇಳಿದ್ದು ಸರಿಯಾಗಿಯೇ ಇತ್ತು. ಬಸ್ಸು ತುಂಬಿದ್ದರೆ ಯಾರಾದರೊಬ್ಬರು ಏಳಬೇಕು. ಸತ್ತವಳನ್ನು ಎಬ್ಬಿಸಲು ಆಗುತ್ತದೆಯೇ. ನಾನು ಏಳ್ತೀನಿ ಬುಡವ್ವ ಅಂದೆ. ನಿಮ್ಮನ್ನ ಏಳಿ ಅಂತಿಲ್ಲ ಅಮ್ಮ ನಾನು ಎಂದು ಕೈ ಗಟ್ಟಿಯಾಗಿ ಹಿಡಿದಳು. ಗೊತ್ತು ಕಣವ್ವ ಎಂದು ಅವಳಿಗೆ ಎಲ್ಲ ಹೇಳಿಕೊಟ್ಟೆ, ಎಣ್ಣೆ ಹಾಕುವಾಗ ನೆತ್ತಿ ಉಜ್ಜಬೇಡ, ತಟ್ಟು, ಮೊಸರನ್ನಕ್ಕೆ ಉಪ್ಪು ಒಂದು ಕಲ್ಲು ಹೆಚ್ಚು, ಅತ್ತಾಗ ಸಮಾಧಾನ ಮಾಡಬೇಡ, ಸುಮ್ಮನೆ ಪಕ್ಕದಲ್ಲಿ ಕೂತು ಬೇರೆ ಕೆಲಸ ಮಾಡು, ತಾನೇ ಬಂದು ಒರಗುತ್ತಾಳೆ, ನಿದ್ದೆಗಣ್ಣಲ್ಲಿ ಕೂಗಿದರೆ ಏನು ಯಾಕೆ ಎಂದು ಕೇಳಬೇಡ, ಕೇಳಿದರೆ ಪೂರ್ತಿ ಎಚ್ಚರವಾಗಿ ಹೆದರುತ್ತಾಳೆ, ಓ ಅನ್ನು, ಅಷ್ಟೇ, ಓ, ಮತ್ತೆ ಮಲಗುತ್ತಾಳೆ. ಅವಳು ಪಾಠ ಒಪ್ಪಿಸುವ ಹುಡುಗಿಯಂತೆ ತುಟಿಯಲ್ಲೇ ಓ ಅಂದುಕೊಂಡಳು. ಸಹನಳಿಗೂ ಹೇಳಿದೆ, ಕಪ್ಪೆಚಿಪ್ಪು ತಂದು ಅವ್ವಾ ನೋಡು ಅಂದಾಗ, ಅವ್ವ ಅಲ್ಲ ಕಣೆ, ಅಜ್ಜಿ, ನಾನು ಅಜ್ಜಿ, ಎಲ್ಲಿ ಅನ್ನು, ಅಂದೆ. ಅಜ್ಜಿ ಅಂದ್ರೆ ಅಲ್ಲು ಇಲ್ದೋರು, ನಿಂಗೆ ಅಲ್ಲು ಅವೆ, ಎಂದು ನನ್ನ ತುಟಿ ಎತ್ತಿ ಲೋಕೇಶನಿಗೆ ನನ್ನ ಹಲ್ಲು ತೋರಿಸಿದಳು, ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಎಲ್ಲರೂ ನಕ್ಕೆವು. ಹೇಳಿದರೆ ಕಲಿಯುವವಳಲ್ಲ, ಗೊತ್ತಿತ್ತು.

ಗಾಳಿ ಎದ್ದಿತು, ಹೊಳೆಯ ಕಡೆಯಿಂದ, ಮಳೆಗೆ ಮೊದಲು ಬೀಸುವಂಥದ್ದು, ಗುಡಾರದ ಬಟ್ಟೆ ಪಟಾರೆಂದು ಹೊಡೆಯಿತು, ಹಗ್ಗಗಳು ಕಿರ್ರೆಂದವು, ಒಂದು ಗೂಟ ಅಲ್ಲಾಡಿತು, ಮತ್ತೆ ಪಟಾರ್, ಒಳಗೆ ಮಂಚ ಸದ್ದಾಯಿತು, ಆಮೇಲೆ ಕೂಗು. ಅವ್ವಾ. ಎದ್ದಿದ್ದೆ, ನನಗೆ ತಿಳಿಯುವ ಮೊದಲೇ ಎದ್ದಿದ್ದೆ, ಕಾಲು ಒಂದು ಹೆಜ್ಜೆ ಇಟ್ಟಿತ್ತು, ಬಾಯಿ ತೆರೆದಿತ್ತು, ಓ ನಾಲಿಗೆಯ ಮೇಲಿತ್ತು — ಕುಂತ್ಕೊ. ಕುಂತ್ಕೊ ಚಿಕ್ಕಬೋರಮ್ಮ. ಸೆರಗು ತೆಗೆದು ಬಾಯಿಗೆ ತುರುಕಿಕೊಂಡೆ, ಕರುವಿಗೆ ಹಾಲು ಬಿಡಿಸಲು ಕೆಚ್ಚಲಿಗೆ ಸಗಣಿ ಬಳಿಯುವುದಿಲ್ಲವೆ, ಎಷ್ಟು ಕರುಗಳಿಗೆ ಬಳಿದಿದ್ದೇನೆ, ಕರು ಮೂಸಿ ಮುಖ ತಿರುಗಿಸುತ್ತದೆ, ಹಸು ತಿರುಗಿ ತಿರುಗಿ ನೋಡುತ್ತದೆ, ಎರಡು ದಿನ, ಮೂರು ದಿನ, ಆಮೇಲೆ ಕರು ಹುಲ್ಲಿಗೆ ಬಾಯಿ ಹಾಕುತ್ತದೆ, ಹಸುವಿನ ಪಾಡು ಯಾರು ನೋಡಿದ್ದಾರೆ. ಅವ್ವಾ. ಎರಡನೆಯದು, ವ್ವಾ ಎಂದು ಮೇಲಕ್ಕೆಳೆದು, ಅಯ್ಯೋ ಸುಧಾಮಣಿ ನೀನು ಯಾಕೆ ಮಗಳೇ ಇದರಲ್ಲಿ ಬಂದು ಸೇರಿಕೊಂಡಿದ್ದೀಯ, ಬಟ್ಟೆ ಹಲ್ಲಿಗೆ ಕಚ್ಚಿತು, ಉಪ್ಪು ಉಪ್ಪು, ಇನ್ನೊಂದು ಸಲ ಕೂಗಿದರೆ ಹೋಗಿಬಿಡುತ್ತೇನೆ, ಹೋಗಲಿ ಎಲ್ಲ, ಹೊಸಪೇಟೆಯೂ ಬೇಡ ಸ್ಕೂಲೂ ಬೇಡ, ಆ ಜಿಪ್ಪು ಕಿತ್ತು — ಓ. ಒಳಗಿನಿಂದ. ಓ, ಅಂದಳು ಶ್ವೇತ. ನಿದ್ದೆಯ ದನಿ, ಹೇಳಿಕೊಟ್ಟ ಹಾಗೆಯೇ, ಏನೂ ಕೇಳದೆ, ಬರೀ ಓ. ಆಮೇಲೆ ಸದ್ದಿಲ್ಲ. ಕೂಗೂ ಇಲ್ಲ. ಅಳುವೂ ಇಲ್ಲ. ಒಪ್ಪಿಕೊಂಡಿತು, ಕೂಸು ಒಪ್ಪಿಕೊಂಡಿತು, ಗೆದ್ದೆ ಕಣವ್ವ ನೀನು, ಗೆದ್ದೆವು ಕಣವ್ವ, ಎಂದುಕೊಳ್ಳುತ್ತಿರುವಾಗ ಗುಡಾರದ ಪಕ್ಕೆಯಲ್ಲಿ ಒಂದು ಪರದೆ ಅಲ್ಲಾಡಿ ಸರಿಯಿತು, ಅಲ್ಲೊಂದು ಕಿಟಕಿ ಇತ್ತು, ಸೊಳ್ಳೆ ಬರದಂತೆ ನೈಲಾನಿನ ಬಲೆ ಹೊಲಿದ ಕಿಟಕಿ, ಬಲೆಯ ಹಿಂದೆ ಅವಳ ಮುಖ. ಮೂಗು ಬಲೆಗೆ ಒತ್ತಿ ಚಪ್ಪಟೆಯಾಗಿ. ಎರಡು ಅಂಗೈ ಎರಡು ಕಡೆ. ನೋಡಿದಳು. ನಾನು ಕುರ್ಚಿಯಲ್ಲಿ ಕೂತಿದ್ದೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಎಚ್ಚರವಾಗಿ, ಬಾಯಿಯಲ್ಲಿ ಸೆರಗು ತುಂಬಿಕೊಂಡು, ಅವಳನ್ನೇ ನೋಡುತ್ತಾ. ಅವ್ವ ಹೊಳೆಗೆ ಹೋಗಿದ್ದಳು ಅನ್ನುವ ಹಾಗಿಲ್ಲ. ನಿದ್ದೆ ಹೋಗಿದ್ದಳು ಅನ್ನುವ ಹಾಗಿಲ್ಲ. ಆರು ವರ್ಷದ ಕಣ್ಣು, ಅದಕ್ಕೆ ಎಲ್ಲ ಕಾಣುತ್ತದೆ. ಕೂಗಲಿಲ್ಲ. ತುಟಿ ಕೂಡ ಅಲ್ಲಾಡಲಿಲ್ಲ. ಸುಮ್ಮನೆ ನೋಡಿದಳು, ಮೂಗು ಒತ್ತಿಕೊಂಡೇ, ಆಮೇಲೆ ಪರದೆ ಬಿತ್ತು.

ಟೀ ಬಂತು, ಕರಿಯಪ್ಪ ಪಿಂಗಾಣಿ ಬಟ್ಟಲಲ್ಲಿ ತಂದ, ಬಿಸಿಯೋ ತಣ್ಣಗೋ ತಿಳಿಯದೆ ಕುಡಿದೆ, ಮಳೆ ಬರಲಿಲ್ಲ, ಗಾಳಿ ಸುಮ್ಮನಾಯಿತು, ಲೋಕೇಶ ಪೆಟ್ಟಿಗೆಗಳನ್ನು ಕಾರಿಗೆ ಹಾಕಿದ, ಅತ್ತೆ ನಿಮ್ಮನ್ನ ಇಲ್ಲಿಯ ಜೀಪಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡ್ತಾರೆ, ಕೆ.ಆರ್. ಪೇಟೆ ಬಸ್ಸಿಗೆ ಅವರೇ ಹತ್ತಿಸ್ತಾರೆ, ಅಂದ, ಹೂಂ ಅಂದೆ. ಜಿಪ್ಪು ಮೇಲೆ ಹೋಯಿತು. ಸಹನ ಬಂದಳು, ತಲೆ ಬಾಚಿ ಎರಡು ಜಡೆ ಹಾಕಿದ್ದಾರೆ, ಬೈತಲೆ ಸ್ವಲ್ಪ ಸೊಟ್ಟ, ನೀಲಿ ಫ್ರಾಕು, ಮೂಗಿನ ತುದಿಯಲ್ಲಿ ಬಲೆಯ ಗುರುತು, ಚೌಕ ಚೌಕ, ಇನ್ನೂ ಹೋಗಿರಲಿಲ್ಲವೋ ನನ್ನ ಕಣ್ಣಿಗೆ ಮಾತ್ರ ಕಂಡಿತೋ. ಬಾ ಕಂದ ಅಂದೆ. ಬಂದಳು. ಬಂದಳು, ಕರೆದದ್ದಕ್ಕೆ ಬಂದಳು, ಎದುರಿಗೆ ನಿಂತಳು, ಹೆಗಲ ಮೇಲೆ ಬೀಳಲಿಲ್ಲ, ಬಾಗಿಲಲ್ಲಿ ನಿಂತ ನೆಂಟರ ಮಗುವಿನಂತೆ ನಿಂತಳು, ನಾನೇ ಬಾಚಿ ಎದೆಗೆ ಒತ್ತಿಕೊಂಡೆ, ಎಣ್ಣೆಯ ಬದಲು ಯಾವುದೋ ಸೋಪಿನ ವಾಸನೆ, ಮೈ ಕೊಟ್ಟಳು, ತೋಳು ಕೊಡಲಿಲ್ಲ. ಸ್ಕೂಲಿಗೆ ಸೇರಿ ಜಾಣೆ ಆಗ್ಬೇಕು. ಹೂಂ. ದಸರಾ ರಜಕ್ಕೆ ಬರ್ಬೇಕು, ತಾತ ಕಾಯ್ತಿರ್ತದೆ. ಹೂಂ. ಅಷ್ಟರಲ್ಲಿ ಹಸು ಕರು ಆಕಿರ್ತದೆ. ಕಾರಿನತ್ತ ತಿರುಗಿದಳು, ತಾನೇ ಹಿಂದಿನ ಬಾಗಿಲು ಎಳೆದು ಹತ್ತಿ ಕೂತಳು, ಅಳಲಿಲ್ಲ, ಲೋಕೇಶ ನನ್ನ ಕಡೆ ನೋಡಿದ, ನಂಬಲಾರದವನಂತೆ, ಕಾಲು ಮುಟ್ಟಿದ, ಶ್ವೇತಳೂ ಬಗ್ಗಿದಳು, ಎತ್ತುವಾಗ ಬಿಲ್ಲೆ ನನ್ನ ಬಳೆಗೆ ತಗುಲಿ ಸಣ್ಣ ಸದ್ದು, ಅಮ್ಮ ನಾನು ಓ ಅಂದೆ, ಮಲಗಿಬಿಟ್ಲು, ಎಂದು ಕಿವಿಯಲ್ಲಿ ಅಂದಳು, ಮುಖ ಅರಳಿತ್ತು, ಅವಳಿಗೆ ಗೊತ್ತಿಲ್ಲ, ಮಂಚದ ಮೇಲೆ ಅವಳ ಕಣ್ಣು ಮುಚ್ಚಿತ್ತು, ಗೊತ್ತಾಗುವುದೂ ಬೇಡ. ಕೇಳಿಸ್ತು ಕಣವ್ವ, ಚೆನ್ನಾಗಿ ಓ ಅಂದೆ ನೀನು, ಅಂದೆ. ಕಾರು ಶುರುವಾಯಿತು. ಶ್ವೇತ ಗಾಜು ಇಳಿಸಿ ಮಗುವಿನ ಕೈಯೆತ್ತಿ, ಅವ್ವಂಗೆ ಟಾಟಾ ಮಾಡು ಪುಟ್ಟಿ, ಅವ್ವಂಗೆ, ಎಂದಳು, ಒಳ್ಳೆಯ ಮನಸ್ಸಿನಿಂದಲೇ ಅಂದಳು, ತಾನೇ ಕೇಳಿದ ಜಾಗವನ್ನು ತಿರುಗಿ ನನಗೇ ಕೊಡುವವಳಂತೆ. ಸಹನ ಅವಳ ಕಡೆ ತಿರುಗಿ, ಆಂಟಿ, ಅದು ಅವ್ವ ಅಲ್ಲ, ಅಜ್ಜಿ, ಅಂದಳು. ಗದರಿಕೆ ಇಲ್ಲ, ಸಿಟ್ಟಿಲ್ಲ, ತಪ್ಪು ತಿದ್ದುವ ದನಿ, ಮುದ್ದೆ ನುಂಗಬೇಕು ಎಂದು ಆ ಹುಡುಗನಿಗೆ ಹೇಳಿದ ದನಿ. ಆಮೇಲೆ ನನ್ನ ಕಡೆ ನೋಡಿ, ಅಜ್ಜಿ, ಟಾಟಾ.

ಧೂಳು ಇಳಿಯಿತು. ಮಗ ಅಳ್ಳೇ ಇಲ್ವಲ್ಲವ್ವ, ಬಲೇ ಗಟ್ಟಿ, ಎಂದ ಕರಿಯಪ್ಪ ಪಕ್ಕದಲ್ಲಿ ನಿಂತು. ಗಟ್ಟಿ ಕಣಪ್ಪ, ಅಂದೆ. ಅಳಬಾರ್ದು ಅಂತ್ಲೇ ಬಂದಿದ್ದು ನಾವು, ಅಂದೆ. ಜೀಪು ಬರ್ತದೆ, ನಿನ್ ಬ್ಯಾಗು ತರ್ಲಾ. ಬ್ಯಾಡ, ನಾನೇ ತತ್ತೀನಿ. ಬ್ಯಾಗು ನನ್ನ ಗುಡಾರದಲ್ಲಿದೆ, ಅದಕ್ಕೆ ಹೋಗಬೇಕಾದರೆ ಸಹನ ಮಲಗಿದ್ದ ಈ ಗುಡಾರದ ಪಕ್ಕದಲ್ಲೇ ಹೋಗಬೇಕು, ಆಗಲೇ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಾರೆ, ಹೊಸ ಜನ ಬರುತ್ತಾರಂತೆ, ಪರದೆಗಳನ್ನೆಲ್ಲ ಎತ್ತಿ ಕಟ್ಟಿದ್ದಾರೆ, ಈ ಕಡೆಯಿಂದ ಆ ಕಡೆಗೆ ಬೆಳಕು ಹಾಯುತ್ತದೆ, ಬಲೆ ಖಾಲಿ, ಚೌಕ ಚೌಕವಾಗಿ ಹೊಳೆ ಕಾಣುತ್ತದೆ, ಒಳ್ಳೆಯದೇ ಆಯಿತು, ಹೀಗೇ ಆಗಬೇಕಿತ್ತು, ಕೂಸು ಚೆನ್ನಾಗಿರುತ್ತದೆ, ಶ್ವೇತ ಒಳ್ಳೆಯವಳು, ಬೈತಲೆ ತೆಗೆಯುವುದು ಒಂದು ಕಲಿಯಬೇಕು ಅಷ್ಟೇ, ಮನೆಗೆ ಹೋಗಿ ಚೌಡಯ್ಯನವರಿಗೆ ಹೇಳಬೇಕು, ಅಳಲಿಲ್ಲ ಕಣ್ರೀ, ನಗ್ತಾ ಓದ್ಲು, ಎಂದು ಹೇಳಬೇಕು, ನಗುತ್ತಾ ಎಂದು ಹೇಳಿದರೆ ನಂಬುತ್ತಾರೆಯೇ, ಏನಾದರೂ ಕೇಳಿದರೆ, ಕೂಗಿದಳಾ ಎಂದು ಕೇಳಿದರೆ, ಕೂಗಿದಳು, ಎರಡು ಸಲ ಕೂಗಿದಳು, ನೀನೇನಂದೆ ಎಂದು ಕೇಳಿದರೆ, ನಾನು — ಬಲೆಗೆ ಒತ್ತಿದ ಮೂಗು, ನಾನು ಕೆ.ಆರ್. ಪೇಟೆಯಲ್ಲಿ ಇಳಿದು ಹಿಂಡಿ ತೆಗೆದುಕೊಂಡು — ಮೂಗು, ತುದಿ ಚಪ್ಪಟೆಯಾಗಿ, ಎರಡು ಅಂಗೈ ಎರಡು ಕಡೆ, ತುಟಿ ಅಲ್ಲಾಡದೆ, ಜೀಪಿನವನು ಹಾರನ್ನು ಹೊಡೆಯುತ್ತಿದ್ದಾನೆ, ಬಂದೆ ಕಣಪ್ಪ, ಬಂದೆ, ಬಲೆಯ ಹಿಂದೆ ಮೂಗು, ಚೌಕ ಚೌಕ, ನೋಡುತ್ತಿದೆ, ಕೂಗುತ್ತಿಲ್ಲ, ಮೂಗು